ಹೊಳೆಯ ಬಂದರು, ಊರಿನ ಎಲ್ಲೆ

ನಮ್ಮ ಊರು ಅಕ್ಕೂರು. ಚನ್ನಪಟ್ಟಣ ತಾಲ್ಲೂಕಿಗೆ ಸೇರಿದ ಗ್ರಾಮ. ಈಚೆಗೆ ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆದಾಗ ಮೂರು ತಲೆಮಾರುಗಳ ಕಾಗದಪತ್ರಗಳು ಒಟ್ಟಿಗೆ ಕೈಗೆ ಬಂದುವು. ತಾತನವರ ಕಾಲದ ಪತ್ರದಲ್ಲಿ ‘ಬೆಂಗಳೂರು ಜಿಲ್ಲೆ’ ಎಂದಿತ್ತು. 1986ರ ಅನಂತರದ ತಂದೆಯವರ ಕಾಗದಗಳಲ್ಲಿ ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’. 2007ರ ಅನಂತರದ ನನ್ನ ಕಾಗದಗಳಲ್ಲಿ ‘ರಾಮನಗರ ಜಿಲ್ಲೆ’. 2025ರಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಾಯಿತು. ಊರು ಇದ್ದ ಸ್ಥಳದಿಂದ ಒಂದು ಗೇಣೂ ಕದಲಲಿಲ್ಲ. ಅದರ ಸುತ್ತಲಿನ ಕಾಗದದ ಗೆರೆಯೂ ಹೆಸರೂ ಮಾತ್ರ ಬದಲಾಗುತ್ತ ಬಂದುವು.

ಇದಕ್ಕೆ ವಿರುದ್ಧವಾದ ಊರುಗಳೂ ಪ್ರಪಂಚದಲ್ಲಿ ಉಂಟು. ಅಲ್ಲಿ ಕಾಗದದ ಹೆಸರು ನಿಂತಲ್ಲಿಯೇ ನಿಂತಿದೆ, ಅದಕ್ಕೆ ಆಧಾರವಾಗಿದ್ದ ಹೊಳೆಯೇ ಸರಿದುಹೋಗಿದೆ. ನದಿಯ ದಡದಲ್ಲಿ ಬೆಳೆದ ಬಂದರು ಪಟ್ಟಣಗಳು ಈ ಜಾತಿಗೆ ಸೇರಿದುವು. ಚೀನಾ ದೇಶದ ಒಂದು ಪಟ್ಟಣವನ್ನೂ ನಮ್ಮ ಕರಾವಳಿಯ ಒಂದು ಪಟ್ಟಣವನ್ನೂ ಉದಾಹರಣೆಯಾಗಿ ತೆಗೆದುಕೊಂಡು, ಹೊಳೆಯು ಊರನ್ನು ಹೇಗೆ ಕಟ್ಟುತ್ತದೆ, ಹೇಗೆ ವಿಭಾಗಿಸುತ್ತದೆ, ಹೇಗೆ ಕೈಬಿಡುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಳನಾಡಿನಲ್ಲಿ ಬಂದರು ಏಕಿಲ್ಲ?

ಅಕ್ಕೂರಿನಲ್ಲಿ ಬಿದ್ದ ಮಳೆಯ ನೀರು ಕೊನೆಗೆ ಕಾವೇರಿಯನ್ನು ಸೇರುತ್ತದೆ. ಕಾವೇರಿ ಸಣ್ಣ ನದಿಯೇನೂ ಅಲ್ಲ. ಆದರೂ ನಮ್ಮ ಸೀಮೆಯ ಜನ ಅದರ ಮೇಲೆ ಹರಿಗೋಲನ್ನು ನಡೆಸಿದರೇ ಹೊರತು ಹಡಗನ್ನಲ್ಲ. ಇದಕ್ಕೆ ಕಾರಣವೇನು?

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಕಾವೇರಿಯು ಸುಮಾರು 1,300 ಮೀಟರ್ ಎತ್ತರದಲ್ಲಿ ಹುಟ್ಟಿ ಸುಮಾರು 800 ಕಿಲೋಮೀಟರ್ ಹರಿದು ಸಮುದ್ರವನ್ನು ಸೇರುತ್ತದೆ. ಎಂದರೆ ಸರಾಸರಿಯಲ್ಲಿ ಕಿಲೋಮೀಟರಿಗೆ 160 ಸೆಂಟಿಮೀಟರಿನಷ್ಟು ಇಳುಕಲು. ಈ ಇಳುಕಲು ಎಲ್ಲೆಡೆಯೂ ಸಮನಾಗಿಲ್ಲ. ಶಿವನಸಮುದ್ರದಲ್ಲಿ ನದಿಯು ಒಮ್ಮೆಗೇ ಧುಮುಕುತ್ತದೆ. ಚೀನಾದ ಯಾಂಗ್‌ಟ್ಸೆ ನದಿಯ ದಡದಲ್ಲಿರುವ ವೂಹಾನ್ ಪಟ್ಟಣವಾದರೋ ಸಮುದ್ರದಿಂದ ಸುಮಾರು 1,000 ಕಿಲೋಮೀಟರ್ ಒಳಗಿದೆ. ಆದರೆ ಅಲ್ಲಿ ನದಿಯ ಸರಾಸರಿ ಮಟ್ಟವು ಸಮುದ್ರಮಟ್ಟದಿಂದ ಸುಮಾರು 20 ಮೀಟರ್ ಮಾತ್ರವೇ ಮೇಲಿದೆ. ಕಿಲೋಮೀಟರಿಗೆ ಕೇವಲ 2 ಸೆಂಟಿಮೀಟರ್! ಕಾವೇರಿಯ ಇಳುಕಲು ಅದರ 80 ಪಟ್ಟು. ಇಳುಕಲು ಹೆಚ್ಚಿರುವ ನದಿಯು ಬಂಡೆಯನ್ನು ಕೊರೆಯುತ್ತದೆ, ವಿದ್ಯುತ್ತನ್ನು ಕೊಡುತ್ತದೆ. ಇಳುಕಲು ಕಡಮೆಯಾಗಿ ನೀರು ತುಂಬಿರುವ ನದಿಯು ಹಡಗನ್ನು ಹೊರುತ್ತದೆ. ಒಂದೇ ನದಿಯ ಒಂದೇ ಭಾಗದಿಂದ ಎರಡು ಲಾಭಗಳನ್ನೂ ಪಡೆಯುವುದು ಕಷ್ಟ.

ಮೂರು ಊರುಗಳು ಒಂದಾದ ವೂಹಾನ್

ಯಾಂಗ್‌ಟ್ಸೆಗೆ ಹಾನ್ ಎಂಬ ಉಪನದಿ ಬಂದು ಕೂಡುವ ಸಂಗಮದಲ್ಲಿ ವೂಹಾನ್ ಇದೆ. ಎರಡು ನದಿಗಳು ನೆಲವನ್ನು ಮೂರು ತುಂಡುಗಳಾಗಿ ಸೀಳುವುದರಿಂದ ಇಲ್ಲಿ ಬಹುಕಾಲ ಇದ್ದದ್ದು ಒಂದು ಊರಲ್ಲ, ಮೂರು: ವೂಚಾಂಗ್, ಹಾನ್‌ಯಾಂಗ್, ಹಾನ್‌ಕೌ. ವೂಚಾಂಗ್ ಅಧಿಕಾರದ ಊರು. ಹಾನ್‌ಕೌ ವ್ಯಾಪಾರದ ಊರು. 1861ರಲ್ಲಿ ಹಾನ್‌ಕೌ ಬಂದರು ಪರದೇಶದ ಹಡಗುಗಳಿಗೆ ತೆರೆಯಲ್ಪಟ್ಟಿತು. 1927ರಲ್ಲಿ ಮೂರು ಊರುಗಳನ್ನೂ ಸೇರಿಸಿ ವೂಹಾನ್ ಎಂಬ ಒಂದು ನಗರವನ್ನಾಗಿ ಮಾಡಲಾಯಿತು. ಯಾಂಗ್‌ಟ್ಸೆಯ ಮೇಲೆ ಸೇತುವೆಯು 1957ರಲ್ಲಿ ಮುಗಿದ ಮೇಲೆ ಆ ಒಗ್ಗೂಡುವಿಕೆ ಕಾಗದದಿಂದ ನೆಲಕ್ಕೆ ಇಳಿಯಿತು. ಈಗ ನಗರದ ಆಡಳಿತವು 13 ಜಿಲ್ಲೆಗಳಾಗಿ ಹಂಚಿಹೋಗಿದೆ. ಅವುಗಳಲ್ಲಿ ವೂಚಾಂಗ್, ಹಾನ್‌ಯಾಂಗ್ ಎಂಬ ಹಳೆಯ ಹೆಸರುಗಳು ಈಗಲೂ ಇವೆ. ನಡುನಗರದ ಜಿಲ್ಲೆಗಳ ಎಲ್ಲೆಗಳನ್ನು ಪಟದಲ್ಲಿ ನೋಡಿದರೆ, ಬಹುಭಾಗ ನದಿಗಳೇ ಗೆರೆ ಎಳೆದಿರುವುದು ಕಾಣುತ್ತದೆ.

ಇಲ್ಲಿ ಒಂದು ವಿನೋದವುಂಟು. ಚೀನೀ ಭಾಷೆಯಲ್ಲಿ ನದಿಯ ಹೆಸರಿನೊಡನೆ ‘ಯಾಂಗ್’ ಸೇರಿದರೆ ಆ ನದಿಯ ಉತ್ತರದ ದಡ ಎಂದು ಅರ್ಥ. ಹಾನ್‌ಯಾಂಗ್ ಎಂದರೆ ಹಾನ್ ನದಿಯ ಉತ್ತರದ ಊರು. ಆದರೆ ಈಗಿನ ಹಾನ್‌ಯಾಂಗ್ ಇರುವುದು ಹಾನ್ ನದಿಯ ದಕ್ಷಿಣಕ್ಕೆ! ಹೆಸರಿಟ್ಟವರು ತಪ್ಪು ಮಾಡಿರಲಿಲ್ಲ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಹಾನ್ ನದಿಯು ತನ್ನ ಪಾತ್ರವನ್ನು ಬದಲಾಯಿಸಿ ಊರಿನ ಇನ್ನೊಂದು ಪಕ್ಕದಲ್ಲಿ ಹರಿಯತೊಡಗಿತು. ಹೊಸ ಪಾತ್ರದ ಆಚೆಯ ದಡದಲ್ಲಿ ಹೊಸದಾಗಿ ಬೆಳೆದ ಪೇಟೆಯೇ ಹಾನ್‌ಕೌ. ಆ ಹೆಸರಿಗೆ ‘ಹಾನ್ ನದಿಯ ಬಾಯಿ’ ಎಂದರ್ಥ. ಒಂದು ಹೊಳೆ ಮಗ್ಗುಲು ಬದಲಿಸಿದ್ದರಿಂದ ಒಂದು ಊರಿನ ಹೆಸರು ಸುಳ್ಳಾಯಿತು, ಇನ್ನೊಂದು ಊರು ಹುಟ್ಟಿತು.

ಹತ್ತು ಕೇರಿಗಳ ಬಾರಕೂರು

ಈಗ ನಮ್ಮ ನಾಡಿಗೆ ಬರೋಣ. ಕರ್ನಾಟಕದ ಹೊಳೆಬಂದರುಗಳೆಲ್ಲವೂ ಇರುವುದು ಪಶ್ಚಿಮದ ಕರಾವಳಿಯಲ್ಲಿ. ಅಲ್ಲಿನ ನದಿಗಳು ಘಟ್ಟದಿಂದ ರಭಸವಾಗಿ ಇಳಿದರೂ, ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ನೆಲವು ಸಮತಟ್ಟಾಗಿ, ಸಮುದ್ರದ ಭರತವು ಹೊಳೆಯೊಳಕ್ಕೆ ಏರಿಬರುತ್ತದೆ. ಹೀಗೆ ಭರತವೇರುವ ಸೀತಾನದಿಯ ದಡದಲ್ಲಿ, ಸಮುದ್ರದಿಂದ ಕೆಲವು ಕಿಲೋಮೀಟರ್ ಒಳಗೆ, ಬಾರಕೂರು ಇದೆ. ಇದು ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ತುಳುನಾಡು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಭಾಗಗಳಾಗಿ ಆಳಲ್ಪಡುತ್ತಿತ್ತು.

1342ರ ಸುಮಾರಿಗೆ ಈ ದಾರಿಯಾಗಿ ಹೋದ ಪ್ರವಾಸಿ ಇಬ್ನ್ ಬತೂತನು ಇದನ್ನು ಫಾಕನೂರ್ ಎಂದು ಕರೆದು, ಸಮುದ್ರದ ಹಿನ್ನೀರಿನ ದಡದಲ್ಲಿರುವ ದೊಡ್ಡ ಊರೆಂದೂ ಇಲ್ಲಿ ಕಬ್ಬು ಹೇರಳವಾಗಿ ಬೆಳೆಯುವುದೆಂದೂ ಬರೆದಿದ್ದಾನೆ. ಈ ಮಾರ್ಗದಲ್ಲಿ ಹೋಗುವ ಹಡಗುಗಳು ಇಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸಬೇಕಾಗಿತ್ತು. ಅದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸನು ಇಲ್ಲಿಂದ ಅಕ್ಕಿಯು ಹೊರದೇಶಗಳಿಗೆ ಹೋಗುತ್ತಿದ್ದುದನ್ನು ಹೇಳುತ್ತಾನೆ.

ಇಷ್ಟು ವ್ಯಾಪಾರವಿದ್ದ ಪಟ್ಟಣವನ್ನು ಆಳುವ ಬಗೆ ಹೇಗೆ? ಶಾಸನಗಳು ಬಾರಕೂರಿನ ‘ಹತ್ತು ಕೇರಿ’ಗಳನ್ನು ಹೆಸರಿಸುತ್ತವೆ. ನಮ್ಮ ಕಡೆ ಕೇರಿ ಎಂದರೆ ಒಂದು ಬೀದಿ ಅಥವಾ ಒಂದು ಗುಂಪಿನ ಮನೆಗಳು. ಬಾರಕೂರಿನ ಕೇರಿಯಾದರೋ ಆಡಳಿತದ ಒಂದು ಘಟಕ. ಈಗಿನ ಮಾತಿನಲ್ಲಿ ಹೇಳುವುದಾದರೆ ನಗರದ ವಾರ್ಡು. ಕೇರಿಗಳ ಪ್ರಮುಖರ ಸಭೆಗೆ ‘ಹಲರು’ ಎಂದು ಹೆಸರು. ಹಲವರು ಕೂಡಿದುದರಿಂದ ಹಲರು. ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಈಗಲೂ ಅಲ್ಲಿನ ಜನರ ಬಾಯಲ್ಲಿವೆ. ಮೂಡು ಎಂಬುದು ದಿಕ್ಕನ್ನೂ ಕೋಟೆಯು ರಕ್ಷಣೆಯನ್ನೂ ಮಣಿಗಾರ ಎಂಬುದು ಅಧಿಕಾರಿಯನ್ನೂ ಸೂಚಿಸುತ್ತದೆ. ಕೇರಿಗಳ ಹೆಸರುಗಳನ್ನು ಸಾಲಾಗಿ ಓದಿದರೆ ಹಳೆಯ ಪಟ್ಟಣದ ನಕ್ಷೆಯನ್ನೇ ಓದಿದಂತೆ.

ಬಂದರನ್ನು ಕಟ್ಟುವ ನೀರು, ಕೆಡಿಸುವ ಮಣ್ಣು

ಹೊಳೆಬಂದರಿನ ಗುಟ್ಟೆಲ್ಲ ಅಳಿವೆಯಲ್ಲಿದೆ. ಹೊಳೆಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಕರಾವಳಿಯ ಜನ ಅಳಿವೆ ಎನ್ನುತ್ತಾರೆ. ಸಮುದ್ರವು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬಿ ಇಳಿಯುತ್ತದೆ. ಹಾಯಿ ಕಟ್ಟಿದ ಮಂಜಿಗಳು ಭರತದ ನೀರಿನೊಡನೆ ಒಳಕ್ಕೆ ಬಂದು, ಇಳಿತದ ನೀರಿನೊಡನೆ ಹೊರಕ್ಕೆ ಹೋಗುತ್ತಿದ್ದುವು. ಚಂದ್ರಸೂರ್ಯರ ಆಕರ್ಷಣೆಯೇ ಅವುಗಳನ್ನು ಒಯ್ಯುವ ಕೂಲಿಯಾಳು!

ಆದರೆ ಹೊಳೆಯು ನೀರನ್ನಷ್ಟೇ ತರುವುದಿಲ್ಲ. ಹರಿಯುವ ನೀರು ಉರುಳಿಸಬಲ್ಲ ಕಲ್ಲಿನ ತೂಕವು, ಸ್ಥೂಲವಾಗಿ, ವೇಗದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವೇಗವು ಎರಡರಷ್ಟಾದರೆ ಕಲ್ಲಿನ ತೂಕವು 64ರಷ್ಟಾಗಬಹುದು. ವೇಗವು ಅರ್ಧಕ್ಕೆ ಇಳಿದರೆ ಅಷ್ಟೇ ಪ್ರಮಾಣದಲ್ಲಿ ಶಕ್ತಿಯು ಕುಂದುತ್ತದೆ. ಆದುದರಿಂದ ಘಟ್ಟದ ಕಲ್ಲುಗಳು ಬುಡದಲ್ಲಿಯೇ ನಿಲ್ಲುತ್ತವೆ. ಮರಳು ಮುಂದೆ ಬರುತ್ತದೆ. ಜೇಡಿಯು ಅಳಿವೆಯವರೆಗೂ ತೇಲಿಬರುತ್ತದೆ. ನಿಂತ ನೀರಿನಲ್ಲಿ 0.1 ಮಿಲಿಮೀಟರ್ ವ್ಯಾಸದ ಮರಳಿನ ಕಣವು ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. ಅದರ ಹತ್ತನೆಯ ಒಂದು ಪಾಲು ವ್ಯಾಸವುಳ್ಳ ಕಣಕ್ಕೆ ನೂರು ಪಟ್ಟು ಕಾಲ, ಎಂದರೆ ಸುಮಾರು 3 ಗಂಟೆ ಬೇಕು. ಅಷ್ಟರಲ್ಲಿ ಭರತವು ತಿರುಗಿ ಅದನ್ನು ಮತ್ತೆ ಎಬ್ಬಿಸಬಹುದು. ಆದರೆ ಜೇಡಿಯ ಅತಿ ಸಣ್ಣ ಕಣಗಳು ಉಪ್ಪುನೀರನ್ನು ಸೇರಿದೊಡನೆ ಒಂದಕ್ಕೊಂದು ಅಂಟಿಕೊಂಡು ದಪ್ಪನಾಗಿ, ಬೇಗನೆ ತಳಕ್ಕೆ ಇಳಿಯುತ್ತವೆ. ಹೀಗೆ ಹಡಗು ನಿಲ್ಲಬೇಕಾದ ಸ್ಥಳದಲ್ಲಿಯೇ ಹೂಳು ಕೂಡುತ್ತದೆ.

ಹೊರಗಡೆಯಿಂದ ಸಮುದ್ರವೂ ಸುಮ್ಮನಿರುವುದಿಲ್ಲ. ದಡಕ್ಕೆ ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ಕರಾವಳಿಯುದ್ದಕ್ಕೂ ತಳ್ಳುತ್ತವೆ. ಮಳೆಗಾಲದಲ್ಲಿ ತುಂಬಿದ ಹೊಳೆಯು ಅದನ್ನು ಕೊಚ್ಚಿ ಬಾಯನ್ನು ತೆರೆದಿಡುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಮರಳಿನ ಕೈ ಮೇಲಾಗುತ್ತದೆ. ಹೊಳೆಗೂ ಸಮುದ್ರಕ್ಕೂ ನಡುವೆ ನಾಲಗೆಯಂತೆ ಚಾಚಿದ ಮರಳಿನ ನೆಲಕ್ಕೆ ಅಲ್ಲಿ ಬೆಂಗ್ರೆ ಎಂದು ಹೆಸರು. ಸೀತಾನದಿ, ಸ್ವರ್ಣಾನದಿಗಳು ಸಮುದ್ರ ಸೇರುವಲ್ಲಿರುವ ಕೋಡಿಬೆಂಗ್ರೆ ಅಂಥದೇ ಒಂದು.

ಇನ್ನು ಹಡಗಿನ ಲೆಕ್ಕ. 20 ಮೀಟರ್ ಉದ್ದ, 5 ಮೀಟರ್ ಅಗಲದ, ಪೆಟ್ಟಿಗೆಯಾಕಾರದ ನೌಕೆಯೊಂದು ನೀರಿನಲ್ಲಿ 2 ಮೀಟರ್ ಮುಳುಗಿದೆ ಎನ್ನೋಣ. ಆರ್ಕಿಮಿಡೀಸನ ತತ್ತ್ವದಂತೆ ಅದರ ಒಟ್ಟು ತೂಕ ಸುಮಾರು 200 ಟನ್ನು. 100 ಮೀಟರ್ ಉದ್ದ, 12 ಮೀಟರ್ ಅಗಲದ ಕಬ್ಬಿಣದ ಹಡಗು 5 ಮೀಟರ್ ಮುಳುಗಿದರೆ ತೂಕ ಸುಮಾರು 6,000 ಟನ್ನು. ಆಳವು ಎರಡೂವರೆ ಪಟ್ಟಾದರೆ ತೂಕವು 30 ಪಟ್ಟು! ವರ್ತಕನು ಯಾವುದನ್ನು ಆರಿಸಿಕೊಳ್ಳುವನೆಂದು ಹೇಳಬೇಕಾಗಿಲ್ಲ. ಅದೂ ಅಲ್ಲದೆ ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಸುಮಾರು ಎರಡೂವರೆಯಷ್ಟು ಹೆಚ್ಚು ಸಾಂದ್ರವಾದುದು. ಸಮುದ್ರದಲ್ಲಿ 2 ಮೀಟರ್ ಮುಳುಗಿದ ನೌಕೆಯು ಹೊಳೆಯ ಸಿಹಿನೀರಿಗೆ ಬಂದಾಗ ಇನ್ನೂ 5 ಸೆಂಟಿಮೀಟರ್ ಕೆಳಕ್ಕೆ ಇಳಿಯುತ್ತದೆ. ನೀರು ತೆಳುವಾಗುವ ಕಡೆಯಲ್ಲಿಯೇ ಹಡಗು ಹೆಚ್ಚು ಆಳವನ್ನು ಕೇಳುತ್ತದೆ!

ಪಟ್ಟಣ ಹೋಯಿತು, ಹೆಸರು ಉಳಿಯಿತು

ಬಾರಕೂರಿನ ಇಳಿಗಾಲಕ್ಕೆ ಹೊಳೆಯೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಸಮುದ್ರದ ವ್ಯಾಪಾರವನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತ ಬಂದರು; 1565ರ ಅನಂತರ ವಿಜಯನಗರದ ಬಲವೂ ಕುಗ್ಗಿತು. ಹೀಗೆ ಸೊರಗಿದ ಬಂದರಿಗೆ, ದೊಡ್ಡ ಹಡಗುಗಳ ಕಾಲದಲ್ಲಿ ತಲೆಯೆತ್ತಲು ಅದರ ಹೊಳೆ ಅವಕಾಶ ಕೊಡಲಿಲ್ಲ. ಈಗ ಬಾರಕೂರು ಎಂಬ ಹೆಸರಿಗೆ ಸೇರಿದ ನೆಲವು ಹೊಸಾಳ, ಹನೆಹಳ್ಳಿ, ಕಚ್ಚೂರು ಎಂಬ ಮೂರು ಗ್ರಾಮಗಳಲ್ಲಿ ಹಂಚಿಹೋಗಿದೆ. ಒಂದು ರಾಜ್ಯಕ್ಕೇ ತನ್ನ ಹೆಸರನ್ನು ಕೊಟ್ಟಿದ್ದ ಪಟ್ಟಣ ಅದು. ಆ ಸೀಮೆಯ ವಿಳಾಸವೂ ಅಕ್ಕೂರಿನಂತೆಯೇ ಬದಲಾಗುತ್ತ ಬಂದಿದೆ: 1956ರಲ್ಲಿ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ, 1997ರಲ್ಲಿ ಉಡುಪಿ ಜಿಲ್ಲೆಗೆ, 2018ರಲ್ಲಿ ಬ್ರಹ್ಮಾವರ ತಾಲ್ಲೂಕಿಗೆ.

ಮಂಗಳೂರು ಬೇರೊಂದು ದಾರಿಯನ್ನು ಹಿಡಿಯಿತು. ಗುರುಪುರ, ನೇತ್ರಾವತಿ ನದಿಗಳ ಅಳಿವೆಯ ಬಳಿಯ ಹಳೆಯ ಬಂದರು ದೊಡ್ಡ ಹಡಗುಗಳಿಗೆ ಸಾಲದಾದಾಗ, ಪಣಂಬೂರಿನಲ್ಲಿ ನೆಲವನ್ನು ಅಗೆದು ಕೃತಕ ಬಂದರನ್ನು ನಿರ್ಮಿಸಲಾಯಿತು; 1974ರಲ್ಲಿ ಅದು ಪ್ರಮುಖ ಬಂದರೆಂದು ಘೋಷಿತವಾಯಿತು. ‘ಬಂದರು’ ಎಂಬ ಬಡಾವಣೆಯ ಹೆಸರು ಮಾತ್ರ ಹಳೆಯ ಹೊಳೆಯ ದಡದಲ್ಲಿಯೇ ಉಳಿದಿದೆ.

ಇದರಿಂದ ನಾವು ಕಲಿಯಬೇಕಾದುದೇನು? ಆಡಳಿತದ ಎಲ್ಲೆ ಬೇಕು. ಎಲ್ಲೆಯಿಲ್ಲದೆ ಕಂದಾಯವೂ ಇಲ್ಲ, ಶಾಲೆಯೂ ಇಲ್ಲ, ಚುನಾವಣೆಯೂ ಇಲ್ಲ. ಆದರೆ ನೀರೂ ಮಣ್ಣೂ ಎಲ್ಲೆಯನ್ನು ಓದಬಲ್ಲುವಲ್ಲ. ಸೀತಾನದಿಯು ಘಟ್ಟದಿಂದ ಇಳಿದು ಹೆಬ್ರಿ ತಾಲ್ಲೂಕನ್ನು ದಾಟಿ ಬ್ರಹ್ಮಾವರ ತಾಲ್ಲೂಕಿಗೆ ಬರುತ್ತದೆ. ಮೇಲಿನ ತಾಲ್ಲೂಕಿನಲ್ಲಿ ಕಾಡು ಕಡಿದರೆ ಅದರ ಮಣ್ಣು ಕೆಳಗಿನ ತಾಲ್ಲೂಕಿನ ಅಳಿವೆಯಲ್ಲಿ ಕೂಡುತ್ತದೆ. ಆ ದಂಡವನ್ನು ತೆರುವವನು ದೋಣಿಯನ್ನು ಹೊರಗೆ ತೆಗೆಯಲಾರದ ಮೀನುಗಾರ. ಹೊಳೆಯು ಒಂದು ದಡವನ್ನು ತಿಂದು ಇನ್ನೊಂದನ್ನು ಬೆಳೆಸಿದರೆ, ಒಬ್ಬನ ಜಮೀನು ಪಹಣಿಯಲ್ಲಿ ನೆಲವಾಗಿಯೂ ಸ್ಥಳದಲ್ಲಿ ನೀರಾಗಿಯೂ ಇರುತ್ತದೆ. ಎಲ್ಲೆಯನ್ನು ಎಳೆಯುವವರು ಹೊಳೆಯ ನಿಯಮಗಳನ್ನು ತಿಳಿದಿರಬೇಕು ಎನ್ನುವುದು ಇದಕ್ಕಾಗಿ.

ಅಕ್ಕೂರಿನಂಥ ಬಯಲುಸೀಮೆಯ ಊರಿನಲ್ಲಿಯೂ ಇದೇ ನಿಯಮವು ಕೆರೆಯ ಹೂಳಾಗಿ ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಎರಡು ಗಾಜಿನ ಲೋಟಗಳಲ್ಲಿ ಸಮನಾಗಿ ಮಳೆನೀರನ್ನು ತುಂಬಿ, ಎರಡಕ್ಕೂ ಒಂದೊಂದು ಚಮಚ ಕೆರೆಯ ಜೇಡಿಮಣ್ಣನ್ನು ಹಾಕಿ, ಒಂದಕ್ಕೆ ಮಾತ್ರ ಎರಡು ಚಮಚ ಉಪ್ಪನ್ನು ಸೇರಿಸಿ, ಚೆನ್ನಾಗಿ ಕದಡಿ ಇಡಿರಿ. ಯಾವ ಲೋಟವು ಮೊದಲು ತಿಳಿಯಾಗುವುದೆಂಬುದನ್ನು ಗಡಿಯಾರ ಹಿಡಿದು ಗುರುತುಮಾಡಿಕೊಳ್ಳಿರಿ. ಬಳಿಕ ನಿಮ್ಮ ತಾಲ್ಲೂಕಿನ ಪಟವನ್ನು ತೆಗೆದು, ಅದರ ಎಲ್ಲೆಯಲ್ಲಿ ಹಳ್ಳಕೊಳ್ಳಗಳು ಎಳೆದ ಗೆರೆ ಎಷ್ಟು, ಮನುಷ್ಯನು ಎಳೆದ ಗೆರೆ ಎಷ್ಟು ಎಂಬುದನ್ನು ಬೇರೆಬೇರೆ ಬಣ್ಣಗಳಿಂದ ತೋರಿಸಿರಿ. ಉಪ್ಪಿನ ಲೋಟದ ತಳದಲ್ಲಿ ಕೂಡಿದ ಮಣ್ಣನ್ನು ನೋಡಿದವರಿಗೆ ಬಾರಕೂರಿನ ಕಥೆಯನ್ನು ಮತ್ತೆ ಹೇಳಬೇಕಾಗುವುದಿಲ್ಲ.