ಕಾಲೇಜಿನ ಪಾಠವೂ ತಲುಪುವ ದಾರಿಯೂ

ವಿದ್ಯಾಮಂದಿರದ ಬಾಗಿಲು ತೆರೆದಿದ್ದರೆ ಸಾಲದು. ಬಡ ವಿದ್ಯಾರ್ಥಿಗೆ ಅಲ್ಲಿಗೆ ತಲುಪುವ ದಾರಿಯೂ ಬೇಕು. ಪ್ರೌಢಶಾಲೆಯ ವಿದ್ಯಾರ್ಥಿಗಳು ಕಾಲೇಜಿನ ಪಾಠಗಳನ್ನೂ ಅಭ್ಯಸಿಸುವ ಅವಕಾಶವನ್ನು ಅಮೆರಿಕದ ಮಿನ್ನೆಸೋಟ ರಾಜ್ಯವು 1985ರಲ್ಲಿಯೂ ವಾಷಿಂಗ್ಟನ್ ರಾಜ್ಯವು 1990ರಲ್ಲಿಯೂ ಶಾಸನಬದ್ಧಗೊಳಿಸಿದುವು. ಎರಡೆಡೆಯೂ ಬೋಧನಶುಲ್ಕವಿಲ್ಲ. ಮಿನ್ನೆಸೋಟದಲ್ಲಿ ಪಠ್ಯಪುಸ್ತಕಗಳೂ ಉಚಿತ. ಬಡಕುಟುಂಬಗಳು ಪ್ರಯಾಣವೆಚ್ಚದ ನೆರವನ್ನೂ ಕೋರಬಹುದು. ವಾಷಿಂಗ್ಟನ್ನಿನಲ್ಲಾದರೋ ಪುಸ್ತಕ, ಪ್ರಯಾಣಗಳ ಭಾರವು ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುವುದು. ಕಾಲೇಜು ದೂರವಿದ್ದು ವಾಹನವಿಲ್ಲದ ವಿದ್ಯಾರ್ಥಿಗೆ ಶುಲ್ಕವಿನಾಯಿತಿಯು ಕನ್ನಡಿಯೊಳಗಿನ ಗಂಟಾದೀತು. ಈ ದೂರವನ್ನು ನೀಗಿಸುವಂತೆ, ಕಾಲೇಜಿನ ಪಾಠವನ್ನು ಶಾಲೆಯಲ್ಲಿಯೇ ಬೋಧಿಸುವ ಕ್ರಮವೂ ಅಲ್ಲಿದೆ. ಸಾರ್ವಜನಿಕ ಕಾಲೇಜುಗಳ ಅಂತಹ ಪಾಠಗಳ ಶುಲ್ಕವನ್ನು 2023ರ ಶಾಸನವು ತೆಗೆದುಹಾಕಿತು. ವಿದ್ಯಾದಾನಕ್ಕೆ ಮುಂದಾಗುವವರು ಶುಲ್ಕದೊಡನೆ ಪುಸ್ತಕವನ್ನೂ ಪ್ರಯಾಣವನ್ನೂ ಎಣಿಸಬೇಕು. ಆಗ ಮಾತ್ರ ಅವಕಾಶವು ಸರ್ವರಿಗೂ ಸಮನಾದೀತು.