ಕಡಲಿನ ಗೊಬ್ಬರ ಬೆಟ್ಟಕ್ಕೆ ಹೊರುವ ಮೀನು

ದೊಡ್ಡ ಮಳೆ ಬಂದರೆ ನಮ್ಮ ಹೊಲದ ಸಾರ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಕೊನೆಗೆ ಕಡಲಿಗೆ. ಹೋದದ್ದು ತಿರುಗಿ ಬರುವುದುಂಟೇ? ಅಮೆರಿಕ, ಕೆನಡಾಗಳ ಪಶ್ಚಿಮ ಕರಾವಳಿಯಲ್ಲಿ ಉಂಟು. ತರುವುದು ಸಾಲ್ಮನ್ ಅನ್ನುವ ಮೀನು. ಟ್ರೌಟ್ ಇದರ ದಾಯಾದಿ.

ಸಾಲ್ಮನ್ ಹುಟ್ಟುವುದು ತಣ್ಣೀರಿನ ತೊರೆಯಲ್ಲಿ. ಹೆಣ್ಣು ಬಾಲ ಬಡಿದು ಸಣ್ಣಕಲ್ಲಿನ ಹಾಸಿನಲ್ಲಿ ಗುಂಡಿ ತೋಡಿ ಸಾವಿರಾರು ಮೊಟ್ಟೆ ಇಡುತ್ತದೆ. ಆಮೇಲೆ ಕಲ್ಲು ಸರಿಸಿ ಮುಚ್ಚುತ್ತದೆ, ನಾವು ಬಿತ್ತಿ ಬೀಜ ಮುಚ್ಚಿದ ಹಾಗೆ. ಕಲ್ಲಿನ ಸಂದಿಯಲ್ಲಿ ನೀರು ಹರಿದಾಡುತ್ತಲೇ ಇರಬೇಕು. ಮೇಲಿನ ಗುಡ್ಡ ಬೋಳಾಗಿ ಹೂಳು ಬಂದು ಕೂತರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತವೆ. ಬದು ಹಾಕದವನ ಮಣ್ಣು ಯಾರ್ಯಾರ ಮನೆ ಹಾಳು ಮಾಡುತ್ತದೆ ನೋಡಿ!

ಮರಿಗಳು ಕಡಲಿಗಿಳಿದು ಮೈತೂಕದ ನೂರರಲ್ಲಿ 95 ಪಾಲಿಗೂ ಹೆಚ್ಚನ್ನು ಅಲ್ಲೇ ತುಂಬಿಕೊಳ್ಳುತ್ತವೆ. ಬಲಿತ ಮೇಲೆ ನೀರಿನ ವಾಸನೆ ಹಿಡಿದು ಹುಟ್ಟಿದ ತೊರೆಗೇ ವಾಪಸ್. ಹೊಳೆ ಹೊಕ್ಕ ಮೇಲೆ ಮೇವು ಬಿಟ್ಟುಬಿಡುತ್ತವೆ. ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. (ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಕೆಲವು ಬದುಕಿ ಮತ್ತೆ ಕಡಲಿಗೆ ಹೋಗುವುದೂ ಉಂಟು.)

ನನಗೆ ಹಿಡಿಸಿದ್ದು ಮುಂದಿನ ಸಂಗತಿ. ಕರಡಿ ಮೀನು ಹಿಡಿದು ಕಾಡಿನೊಳಗೆ ಒಯ್ದು, ಮಿದುಳು, ಮೊಟ್ಟೆ ಮುಂತಾದ ಕೊಬ್ಬಿನ ಭಾಗ ತಿಂದು ಉಳಿದದ್ದನ್ನು ಬಿಸಾಡುತ್ತದೆ. ಕೊಳೆತ ಮೀನಿನ ಸಾರಜನಕ, ರಂಜಕ ಮರದ ಬೇರಿಗೆ. ಇದು ಬರೀ ಊಹೆಯಲ್ಲ. ಕಡಲಿನಿಂದ ಬಂದ ಸಾರಜನಕದಲ್ಲಿ ಭಾರವಾದ ಬಗೆಯದು ಸ್ವಲ್ಪ ಹೆಚ್ಚು. ಅದನ್ನು ವಿಜ್ಞಾನಿಗಳು ಹೊಳೆದಂಡೆಯ ಮರಗಳಲ್ಲಿ ಅಳೆದು ನೋಡಿದ್ದಾರೆ. ಗಾಡಿ ಬಾಡಿಗೆಯಿಲ್ಲದೆ ಗೊಬ್ಬರ ಬೆಟ್ಟಕ್ಕೆ ಹೋಯಿತು.

ದಾರಿಗೆ ಅಣೆಕಟ್ಟು ಬಂದರೆ ಮೀನೂ ಇಲ್ಲ, ಗೊಬ್ಬರವೂ ಇಲ್ಲ. ಅಮೆರಿಕದ ಕ್ಲಾಮತ್ ನದಿಯಲ್ಲಿ ಹಾಗೇ ಆಗಿತ್ತು. ಸಾಲ್ಮನ್ ನಂಬಿ ಬದುಕಿದ ಯುರೋಕ್, ಕರುಕ್ ಮೂಲನಿವಾಸಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ ವಿದ್ಯುತ್ತಿನ ನಾಲ್ಕು ಅಣೆಕಟ್ಟುಗಳನ್ನು ಕಿತ್ತರು. ಕೆಲಸ ಮುಗಿದದ್ದು 2024ರಲ್ಲಿ. ಅಣೆಕಟ್ಟೆಲ್ಲ ಒಡೆಯಿರಿ ಅಂತ ನಾನು ಹೇಳುತ್ತಿಲ್ಲ, ಹನಿ ನೀರಿಗೆ ಬಾಯಿಬಿಡುವ ಸೀಮೆಯವನು ನಾನು. ಆದರೆ ಅದೇ ಅಕ್ಟೋಬರಿನಲ್ಲಿ ಸಾಲ್ಮನ್ ಮೇಲಿನ ಒರೆಗಾನ್ ರಾಜ್ಯದ ತೊರೆಗೆ ಬಂದವು, 1912ರಿಂದೀಚೆಗೆ ಮೊದಲ ಸಲ. ಆ ನೀರಿನ ವಾಸನೆ ಅವಕ್ಕೆ ಗೊತ್ತಿರಲಿಲ್ಲವಲ್ಲ ಅಂತೀರಾ? ಒಂದಷ್ಟು ಮೀನು ಹುಟ್ಟಿದ ತೊರೆ ಬಿಟ್ಟು ಹೊಸ ತೊರೆ ಹುಡುಕುವ ಜಾತಿಯವೂ ಇರುತ್ತವೆ.