ಸಂಸ್ಥೆ ಬಿಟ್ಟ ಮೇಲೆ ಉಳಿಯುವುದೇನು?



ವಾಣಿಜ್ಯ ಓದುವವನಿಗೆ ಅಧ್ಯಾತ್ಮದ ಗೊಡವೆ ಯಾಕಪ್ಪಾ ಅಂತ ನೀವು ನಗಬಹುದು. ಆದರೆ ಪಾಲುದಾರಿಕೆ ಸಂಸ್ಥೆಯ ವಿಸರ್ಜನೆ ಎಂಬ ಪಾಠ ಓದುವಾಗಲೇ ನನಗೆ ಈ ವಿಷಯ ಹೊಳೆದದ್ದು. ಸಂಸ್ಥೆ ಮುಚ್ಚುವಾಗ ಮೊದಲು ಹೊರಗಿನವರ ಸಾಲ ತೀರಿಸಬೇಕು, ಆಮೇಲೆ ಪಾಲುದಾರರ ಬಂಡವಾಳ ಹಿಂತಿರುಗಿಸಬೇಕು. ಸರಿ, ಒಂದು ಧಾರ್ಮಿಕ ಸಂಸ್ಥೆಯನ್ನೇ ಮುಚ್ಚಿದರೆ? ಜನ ಅದರಲ್ಲಿ ಹೂಡಿದ ನಂಬಿಕೆಯನ್ನು ಹಿಂತಿರುಗಿಸುವವರು ಯಾರು?

ಹಾಗೆ ಮುಚ್ಚಿದವರೊಬ್ಬರಿದ್ದರು: ಜಿಡ್ಡು ಕೃಷ್ಣಮೂರ್ತಿ. ಹುಟ್ಟಿದ್ದು 1895ರಲ್ಲಿ, ಮದನಪಲ್ಲಿಯಲ್ಲಿ. 1909ರಲ್ಲಿ ನಾವಿರುವ ಇದೇ ಚೆನ್ನೈನ ಅಡ್ಯಾರ್ ಕಡಲ ದಂಡೆಯಲ್ಲಿ ಥಿಯಾಸಫಿಕಲ್ ಸೊಸೈಟಿಯ ಲೆಡ್‌ಬೀಟರ್ ಈ ಹುಡುಗನನ್ನು ಕಂಡು, ಮುಂದೆ ಜಗದ್ಗುರು ಆಗುವವನು ಇವನೇ ಅಂದರು. ಆನಿ ಬೆಸೆಂಟ್ ಸಾಕಿ ಓದಿಸಿದರು. 1911ರಲ್ಲಿ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿ 'ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್' ಎಂಬ ಸಂಘ ಕಟ್ಟಿದರು.

1925ರಲ್ಲಿ ಕ್ಷಯದಿಂದ ನರಳುತ್ತಿದ್ದ ತಮ್ಮ ನಿತ್ಯಾನಂದ ತೀರಿಕೊಂಡ. ದಿವ್ಯ ಗುರುಗಳು ಅವನನ್ನು ಉಳಿಸುತ್ತಾರೆ ಎಂದು ಅಣ್ಣ ನಂಬಿದ್ದರು. ಆ ನಂಬಿಕೆ ಒಡೆಯಿತು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ, ಸುಮಾರು 3,000 ಸದಸ್ಯರ ಎದುರು, ಅವರು ಸಂಘವನ್ನೇ ವಿಸರ್ಜಿಸಿಬಿಟ್ಟರು. ಆನಿ ಬೆಸೆಂಟ್ ಕೂಡ ಅಲ್ಲೇ ಇದ್ದರು. ಸತ್ಯಕ್ಕೆ ಯಾವ ಸಂಸ್ಥೆಯೂ ದಾರಿ ಹಾಕಿಕೊಡಲಾರದು ಎಂಬುದು ಅಂದಿನ ಭಾಷಣದ ತಿರುಳು. ದಾನವಾಗಿ ಬಂದಿದ್ದ ಆಸ್ತಿ ಹಿಂದಕ್ಕೆ ಹೋಯಿತು. ನಂಬಿಕೆ? ಅದನ್ನು ಪ್ರತಿಯೊಬ್ಬರೂ ತಾವೇ ನೋಡಿಕೊಳ್ಳಬೇಕಾಯಿತು.

ಮುಂದೆ ಅವರ ಹೆಸರಿನಲ್ಲೂ ಶಾಲೆಗಳು, ಪ್ರತಿಷ್ಠಾನಗಳು ಬಂದವಲ್ಲ ಅಂತ ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಆದರೆ ತನ್ನ ಮಾತನ್ನು ವ್ಯಾಖ್ಯಾನ ಮಾಡುವ ಅಧಿಕಾರವನ್ನು ಅವರು ಯಾರಿಗೂ ಕೊಡಲಿಲ್ಲ. 1986ರಲ್ಲಿ ಸಾಯುವ ತನಕ ಹೇಳಿದ್ದು ಒಂದೇ: ನಿನ್ನ ಭಯ, ಸಿಟ್ಟು, ಆಸೆಯನ್ನು ನೀನೇ ನೋಡು, ನೋಡುವಾಗ ತೀರ್ಪು ಕೊಡಬೇಡ.

ಈಗ ನನ್ನ ಮಾತು. ಮೊದಲ ವರ್ಷ ಪಾಸಾಗಲೆಂದು ನಾನೂ ರೂಮಿನ ಗೆಳೆಯನೂ ಆಂಜನೇಯನಿಗೆ ಹರಕೆ ಹೊತ್ತೆವು. ನಾನು ಪಾಸು, ಅವನು ಫೇಲು. ಇದು ಭಕ್ತಿಯಲ್ಲ, ವ್ಯಾಪಾರ ಅನ್ನಿಸಿ ಗುಡಿಗೆ ಹೋಗೋದು ಬಿಟ್ಟೆ. ಆದರೆ ಪ್ರತಿ ಶನಿವಾರ ಅಮ್ಮ ಫೋನಿನಲ್ಲಿ "ಗುಡಿಗೆ ಹೋಗಿದ್ಯೇನೋ?" ಅಂದಾಗ "ಹೂಂ, ಹೋಗಿದ್ದೆ" ಅಂತಿದ್ದೆ. ಗುಡಿ ಬಿಡುವ ಧೈರ್ಯ ಬಂತು, ನಿಜ ಹೇಳುವ ಧೈರ್ಯ ಬರಲಿಲ್ಲ. ಕೃಷ್ಣಮೂರ್ತಿಯವರ ಬಗ್ಗೆ ಓದುವಾಗ ಗೊತ್ತಾಯಿತು: ಬಿಡುವುದು ಒಂದು ದಿನದ ಕೆಲಸ, ಒಳಗಿನ ಭಯ ನಮ್ಮ ಜೊತೆಗೇ ಹೊರಗೆ ಬರುತ್ತದೆ. ಅಧ್ಯಾತ್ಮ ಶುರುವಾಗುವುದು ಅದನ್ನು ನೋಡುವುದರಿಂದ.

ಒಂದು ಅಭ್ಯಾಸ ಹೇಳುತ್ತೇನೆ. ಒಂದು ವಾರ ರಾತ್ರಿ ಮಲಗುವ ಮುಂಚೆ, ಅಂದು ಎಲ್ಲಿ ಹೆದರಿದೆ, ಎಲ್ಲಿ ಸುಳ್ಳು ಹೇಳಿದೆ ಅಂತ ಬರೆದಿಡಿ. ಲಾಭ-ನಷ್ಟದ ಲೆಕ್ಕ ಬೇಡ, ಬರೀ ದಿನವಹಿ ಸಾಕು. ಗುಡಿಗೆ ಹೋಗುವವರೂ ಮಾಡಬಹುದು.

ಕಳೆದ ಶನಿವಾರ ಅಮ್ಮನಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಊಟ ಆಯ್ತೇನೋ?" ಅಂದರು.